ಋಣಚಿಹ್ನೆ

ರ್ಜೆಷ್ ಊರಿನ ಸಂಸ್ಥೆಗೆ ಹೋಗಬೇಕಾದರೆ
ರೈಲಿಳಿದು ವಲ್ತಾವಾ ಹೊಳೆಯ ಕಾಲುಸಂಕ ದಾಟಬೇಕು.
ಇಪ್ಪತ್ತಾರು ವರ್ಷ ದಾಟಿದ್ದೇನೆ,
ಕೈಚೀಲದಲ್ಲಿ ಬ್ರೆಡ್ಡು, ಒಂದು ಸೇಬು,
ಹೊಂದದ ಒಂದು ಭಾಗಾಕಾರ.

ಸಂಗತಿ ಇಷ್ಟೇ:
ಇಂಗಾಲದ ಬೀಜದೊಳಗಿನ ಒಂದು ನ್ಯೂಟ್ರಾನನ್ನು ಎಬ್ಬಿಸಿ
ಆ ಜಾಗದಲ್ಲಿ ಲ್ಯಾಂಬ್ಡಾ ಎಂಬ ಹೊರಗಿನದೊಂದನ್ನು ಕೂರಿಸುತ್ತಾರೆ.
ಬಯಲಲ್ಲಿದ್ದಿದ್ದರೆ ಅದು ತಾನೇ ಒಡೆದು
ಒಂದು ಪಯಾನನ್ನು ಉಗುಳಿ ಸುಮ್ಮನೆ ಪ್ರೋಟಾನಾಗುತ್ತಿತ್ತು.
ಇಲ್ಲಿ ಕೆಳಗಿನ ಮೆಟ್ಟಿಲೆಲ್ಲ ಭರ್ತಿ,
ಕಾಲೂರಲು ತಾವಿಲ್ಲ.
ಸಾಯಲಿಕ್ಕೂ ಪಕ್ಕದವರ ಹೆಗಲು ಬೇಕು.
ನೆರೆಯ ಪ್ರೋಟಾನನ್ನೋ ನ್ಯೂಟ್ರಾನನ್ನೋ ಮುಟ್ಟಿದರೆ
ಎರಡೂ ಬೆನ್ನಿಗೆ ಬೆನ್ನು ಹಾಕಿ ಹಾರಿಹೋಗುತ್ತವೆ.
ಸೆಕೆಂಡನ್ನು ಐನೂರು ಕೋಟಿ ಹೋಳು ಮಾಡಿ
ಒಂದು ಹೋಳು ಕೈಗೆತ್ತಿಕೊಳ್ಳಿ,
ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಮುಟ್ಟಿದ್ದು ಯಾರನ್ನು?
ಪ್ರೋಟಾನನ್ನು ಎಷ್ಟು ಸಲ, ನ್ಯೂಟ್ರಾನನ್ನು ಎಷ್ಟು ಸಲ?
ಜಪಾನಿನಲ್ಲಿ ಎಣಿಸಿದವರು, ಇಟಲಿಯಲ್ಲಿ ಎಣಿಸಿದವರು
ಹೆಚ್ಚು ಕಡಿಮೆ ಅರ್ಧ ಎಂದರು.
ನನ್ನ ಕಾಗದ ಹತ್ತರಲ್ಲೊಂದು ಎನ್ನುತ್ತಿತ್ತು.

ಪಯಾನ್ ಒಂದೇ ಸಾಲದು, ಕೇಯಾನನ್ನೂ ಸೇರಿಸು
ಎಂದೆ ಲುಬೋರನಿಗೆ. ನನ್ನ ಕೈಕೆಳಗೆ ಓದುತ್ತಿದ್ದ ಹುಡುಗ,
ಹಸಿರು ಸ್ವೆಟರು, ಮಾತಿಗೆ ಮೊದಲು ಮೂಗು ಒರೆಸಿಕೊಳ್ಳುವವ.
ಸೇರಿಸಿದ. ಹತ್ತರಲ್ಲೊಂದಿದ್ದದ್ದು
ಹದಿನೈದರಲ್ಲೊಂದಾಯಿತು.
ಮತ್ತೆ ಮಾಡು ಎಂದೆ. ಮೂರು ಚಳಿಗಾಲ ಮತ್ತೆ ಮಾಡಿದ.
ಆಮೇಲೆ ಕ್ರಾಲುಪಿಯ ಶಾಲೆಗೆ ಗಣಿತದ ಮೇಷ್ಟ್ರಾಗಿ ಹೋದ.
ಬೀಳ್ಕೊಡುಗೆಗೆ ನಾನು ಕೇಕು ತಂದಿದ್ದೆ.
ಒಳ್ಳೆಯ ಕೇಕು.

ಈ ಸೆಪ್ಟೆಂಬರಿನಲ್ಲಿ, ಬೇರೇನನ್ನೋ ಹುಡುಕುತ್ತ,
ಹಳೆಯ ಸಮೀಕರಣ ಹದಿನೇಳರಲ್ಲಿ
ಕೇಯಾನಿನ ಮುಂದೆ ಧನ ನಿಂತಿರುವುದನ್ನು ಕಂಡೆ.
ಋಣ ಇರಬೇಕಿತ್ತು.
ನನ್ನದೇ ಕೈಬರಹ. ಶಾಯಿ.
ತಿದ್ದಿ ಯಂತ್ರ ಓಡಿಸಿದೆ,
ಚಹಾ ಆರುವ ಮೊದಲೇ ಉತ್ತರ:
ಸೊನ್ನೆ ಬಿಂದು ನಾಲ್ಕು ಆರು.
ಹನ್ನೊಂದು ವರ್ಷ ಕೂಡುತ್ತ ಬಂದದ್ದನ್ನು
ಕಳೆಯಬೇಕಿತ್ತು, ಅಷ್ಟೇ.
ಋಣವನ್ನು ಧನವೆಂದೇ ಬರೆದುಕೊಂಡವಳಿಗೆ
ಅದು ಯಾರ ಋಣ ಎಂದು ಹೊಳೆಯಲು ಇನ್ನೊಂದು ಲೋಟ ಚಹಾ ಹಿಡಿಯಿತು.

ಅವತ್ತು ಸಂಕ ದಾಟಿ, ಮನೆಯ ಕಡೆಯದನ್ನು ಬಿಟ್ಟು
ಎದುರು ದಿಕ್ಕಿನ ರೈಲು ಹತ್ತಿದೆ.

ಲುಬೋರ್ ಅಡುಗೆಮನೆಯಲ್ಲಿ ಅಣಬೆ ಹೆಚ್ಚುತ್ತಿದ್ದ.
ಮೇಜಿನ ತುಂಬ ಕಾಡಿನ ಮಣ್ಣು,
ಮಗಳು ಹೋಳುಗಳನ್ನು ದಾರಕ್ಕೆ ಪೋಣಿಸುತ್ತಿದ್ದಳು.
ಹೇಳಿದೆ. ಚಾಕು ನಿಲ್ಲಲಿಲ್ಲ.
ಬುಟ್ಟಿ ಬರಿದಾದ ಮೇಲೆ ಕೈ ತೊಳೆದು
ಅಟ್ಟದಿಂದ ಒಂದು ನೋಟ್‌ಬುಕ್ ಇಳಿಸಿ
ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ:
ಹದಿನೇಳನೆಯದರ ಪಕ್ಕ, ಅಂಚಿನಲ್ಲಿ,
ಪೆನ್ಸಿಲಿನ ಒಂದು ಅಡ್ಡಗೆರೆ, ಅದರ ಮುಂದೊಂದು ಪ್ರಶ್ನೆ,
ಎರಡನ್ನೂ ರಬ್ಬರಿನಿಂದ ಉಜ್ಜಿ
ಕಾಗದ ಸವೆದ ಗುರುತು.

ಯಾಕೆ ಹೇಳಲಿಲ್ಲ?

"ನೀವು ಶಾಯಿಯಲ್ಲಿ ಬರೆದಿದ್ದಿರಲ್ಲ, ಮಿಲಾದಾ."

ತಿದ್ದುಪಡಿಗೆ ಒಂದು ಸಾಲು ಸಾಕು,
ನಿನ್ನ ಹೆಸರು ಮೊದಲು ಹಾಕುತ್ತೇನೆ ಎಂದೆ.
ಮೂಗು ಒರೆಸಿಕೊಂಡ. ಹೆಸರಿನ ಮಾತೆತ್ತಲಿಲ್ಲ.
ಸೋಮವಾರ ಚಿಕ್ಕ ತರಗತಿಗೆ ಋಣಸಂಖ್ಯೆ ಶುರುವಂತೆ;
ನಿಮ್ಮ ಆ ಹಾಳೆ ಅವರಿಗೆ ತೋರಿಸಲೇ? ಎಂದು ಕೇಳಿದ.
ಮಗಳು ನಕ್ಕಳು. ನಾನು ಹೂಂ ಎಂದೆ,
ಹೂಂ ಅನ್ನಲು ಸ್ವಲ್ಪ ಹೊತ್ತಾಯಿತು.

ಹಿಂದಿರುಗುವ ರೈಲಿನಲ್ಲಿ ಮಡಿಲ ಮೇಲೆ ಒಂದು ಸರ ಅಣಬೆ.
ಇನ್ನೊಂದು ಲೆಕ್ಕ ಉಳಿದಿದೆ:
ಹಾರಿದ ಪ್ರೋಟಾನುಗಳು ಮೇಲೆ ಹೆಚ್ಚೋ, ಕೆಳಗೆ ಹೆಚ್ಚೋ.
ಅದರಲ್ಲೂ ನನ್ನ ಚಿಹ್ನೆ ಉಲ್ಟಾ ಬರುತ್ತಿದೆ.
ಎದುರು ಕೂತ ಹೆಂಗಸು ಮೂಸಿ, ಕಣ್ಣರಳಿಸಿ,
ಯಾವ ಕಾಡಿನದು ಎಂದು ಕೇಳಿದಳು.
ಅಣಬೆಯ ಜಾಗ ನಮ್ಮಲ್ಲಿ ಯಾರೂ ಹೇಳುವುದಿಲ್ಲ.
ನನಗೆ ಗೊತ್ತೂ ಇರಲಿಲ್ಲ.